ಬಲೆ ಹಾಳಾಗುವುದು ಹೊಳೆಯಲ್ಲಲ್ಲ, ಮನೆಯಲ್ಲಿ!

ಈ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಅಪ್ಪಟ ಸೋಮಾರಿತನ. ಇವತ್ತು ಬರೆಯಲು ಕೂತದ್ದು ಸಿಟ್ಟಿನಿಂದ. ಹಾಗಾಗಿ ಮೊದಲೇ ಹೇಳಿಬಿಡ್ತೀನಿ, ಇದು ಜಗಳ ಕಾಯುವ ಬರಹ. ಮೀನಿನ ಸುದ್ದಿಯೇ ಬೇಡ ಅನ್ನುವ ಮಿತ್ರರು ಇಲ್ಲಿಂದಲೇ ವಾಪಸ್ ಹೋಗಬಹುದು... ಆದ್ರೆ ಹೋಗಬೇಡಿ, ನಿಮ್ಮ ಬಗ್ಗೆಯೂ ಒಂದೆರಡು ಮಾತಿದೆ :-)

ಕಳೆದ ವಾರ ಊರಿಗೆ ಹೋಗಿದ್ದೆ. ಊರು ಅಂದ್ರೆ ಕುಂದಾಪುರದ ಹತ್ತಿರ, ಹೊಳೆ ದಂಡೆ. ಉಬ್ಬರ ಬಂದಾಗ ನೀರು ಉಪ್ಪಾಗುವ, ಮಳೆಗಾಲದಲ್ಲಿ ಸಿಹಿಯಾಗುವ ಹೊಳೆ. ಚಿಕ್ಕಪ್ಪನ ಮಗ ಹೊಸ ಮನೆ ಕಟ್ಟಿಸ್ತಿದ್ದಾನೆ. ಇಂಜಿನಿಯರ್ ಬರೆದುಕೊಟ್ಟ ಪ್ಲಾನು ತಂದು ನನ್ನ ಮುಂದೆ ಹರಡಿದ. ಮೂರು ಬೆಡ್‌ರೂಮು, ಮೂರಕ್ಕೂ ಅಟ್ಯಾಚ್ಡ್ ಬಾತ್‌ರೂಮು. ದೇವರ ಕೋಣೆ. ಟಿವಿಗೇ ಅಂತ ಒಂದು ಇಡೀ ಗೋಡೆ. ಬಾಗಿಲ ಪಕ್ಕ ಚಪ್ಪಲಿ ಇಡೋಕೆ ಕಪಾಟು. ಕಾರು ನಿಲ್ಲಿಸೋಕೆ ಜಾಗ. ಅವನ ಹತ್ತಿರ ಕಾರಿಲ್ಲ. ಇರಲಿ, ಮುಂದೆ ಬರಬಹುದು.

"ಬಲೆ ಎಲ್ಲಿಡ್ತೀಯಾ?" ಅಂತ ಕೇಳಿದೆ. ಅವನು ಪ್ರತಿ ಆದಿತ್ಯವಾರ ಬೀಸುಬಲೆ ಹಿಡಿದು ಹೊಳೆಗಿಳಿಯುವವನು. ಎರಡು ಬಲೆ, ಏಡಿ ಹಿಡಿಯೋ ಸಾಮಾನು, ನಾಲ್ಕು ಗಾಳದ ಕೋಲು, ರೀಲು ಹಾಕಿದ್ದು ಒಂದು, ಮೀನು ಬುಟ್ಟಿ, ತಲೆಗೆ ಕಟ್ಟುವ ಟಾರ್ಚು... ಒಂದು ಸಣ್ಣ ಅಂಗಡಿಯಷ್ಟು ಸಾಮಾನಿದೆ ಅವನ ಹತ್ತಿರ.

ಅವನು ನಕ್ಕುಬಿಟ್ಟ. "ಬಲಿಯಾ? ಹೊರ್ಗೆ ಎಲ್ಲಾರೂ ಒಂದ್ ಕಡಿ ಆತ್ತ್ ಅಣ್ಣ" ಅಂದ.

ಎಲ್ಲಾರೂ ಒಂದ್ ಕಡಿ. ಎಲ್ಲಾದರೂ ಒಂದು ಕಡೆ. ಈ ಮಾತಿನ ಮೇಲೆಯೇ ನನ್ನ ಸಿಟ್ಟು. ಯಾಕಂದ್ರೆ ಇದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ. ಅದರ ಫಲ ಏನು ಅನ್ನೋದನ್ನೂ ಕಣ್ಣಾರೆ ನೋಡಿದ್ದೆ. ಅದನ್ನು ಆಮೇಲೆ ಹೇಳ್ತೀನಿ.

ಮೊದಲು ಅಪ್ಪಯ್ಯನ ಕಥೆ. ಅಪ್ಪಯ್ಯ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಮೀನು ಹಿಡಿಯುವುದು ಅವರ ಹೊಟ್ಟೆಪಾಡಲ್ಲ, ರಾತ್ರಿಯ ಸಾರಿನ ಪಾಡು ಅಷ್ಟೇ. ಆದರೂ ಹೊಳೆಯಿಂದ ಬಂದ ಮೇಲೆ ಅವರು ಮೊದಲು ನೋಡುತ್ತಿದ್ದದ್ದು ಮೀನನ್ನಲ್ಲ, ಬಲೆಯನ್ನು. ಮೀನು ಅಮ್ಮನ ಕೈಗೆ ಹೋಗುತ್ತಿತ್ತು, ಬಲೆ ಬಾವಿಕಟ್ಟೆಗೆ. ಬಾವಿಯ ಸಿಹಿನೀರಲ್ಲಿ ಎರಡು ಸಲ ಅದ್ದಿ ತೆಗೆಯಬೇಕು. ಕಣ್ಣುಗಳಿಗೆ ಸಿಕ್ಕಿಕೊಂಡ ಎಲೆ, ಪಾಚಿ, ಏಡಿಯ ಕಾಲು ಎಲ್ಲ ಬಿಡಿಸಬೇಕು. ಆಮೇಲೆ ಬಲೆಯ ನೆತ್ತಿ ಹಿಡಿದು ಮಾಡಿನ ಅಡಿಯಲ್ಲಿ, ಬಿಸಿಲು ಬೀಳದ ಕಡೆ, ಬಿದಿರಿನ ಗಳಕ್ಕೆ ನೇತುಹಾಕಬೇಕು. ಮರುದಿನ ಒಣಗಿದ ಮೇಲೆ ಹರಿದ ಕಣ್ಣು ಎಲ್ಲೆಲ್ಲಿದೆ ನೋಡಿ, ಬಲೆ ಸೂಜಿಯಲ್ಲಿ ನೀಲಿ ದಾರ ಹಾಕಿ ಹೆಣೆಯಬೇಕು. ಆಮೇಲಷ್ಟೇ ಅದು ಅಟ್ಟದ ಕೊಕ್ಕೆಗೆ ಏರುವುದು.

ಕೊಕ್ಕೆ ಅಂದೆನಲ್ಲ, ಅದೂ ಒಂದು ತಮಾಷೆ. ಅಟ್ಟದ ತೊಲೆಯಿಂದ ಇಳಿಬಿಟ್ಟ ಸರಿಗೆಗೆ ನಡುವೆ ಒಂದು ತೆಂಗಿನ ಗರಟೆಯನ್ನು ಬೋರಲಾಗಿ ಪೋಣಿಸಿದ್ದರು. ಇಲಿ ಸರಿಗೆ ಹಿಡಿದು ಇಳಿದರೆ ಗರಟೆಯ ನೆತ್ತಿಯವರೆಗೆ ಬರಬಹುದು, ಅಲ್ಲಿಂದ ಮುಂದೆ ಜಾರಿ ಕೆಳಗೆ! ಗಾಳಗಳನ್ನು ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ, ಸವೆದ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ತುಂಡಿಗೆ ಸಾಲಾಗಿ ಚುಚ್ಚಿ ಇಡುತ್ತಿದ್ದರು. ಹನ್ನೆರಡು ಗಾಳ ಹೊರಗೆ ಹೋದರೆ ಹನ್ನೆರಡು ಒಳಗೆ ಬರಬೇಕು. ಒಂದು ಕಡಿಮೆಯಾದ್ರೆ, ಅದು ಬಂಡೆಗೆ ಸಿಕ್ಕಿ ಹೋಯ್ತಾ, ಮನೆ ಅಂಗಳದಲ್ಲಿ ಬಿತ್ತಾ ಅಂತ ನೆನಪು ಮಾಡಿಕೊಳ್ಳುವವರೆಗೆ ಊಟ ಇಲ್ಲ. ಅಂಗಳದಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿದ್ದ ಕಾಲ ಅದು.

"ಬಲಿ ಹಾಳಾಪ್ದ್ ಹೊಳಿಯಂಗಲ್ಲ ಮಗಾ, ಮನಿಯಂಗೆ" ಅಂತ ಹೇಳುತ್ತಿದ್ದರು. ಆಗ ನನಗೆ ಇದೊಂದು ಮುದುಕರ ಕಿರಿಕಿರಿ ಅನ್ನಿಸುತ್ತಿತ್ತು.

ಈಗ ನನ್ನ ಪಾಪದ ಕಥೆ. 2014ರಲ್ಲಿ ಅಪ್ಪಯ್ಯ ತೀರಿಕೊಂಡರು. 2017ರಲ್ಲಿ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದೆವು. ಅಟ್ಟ ಹೋಯ್ತು, ಮಾಡು ಹೋಯ್ತು, ಬಿದಿರಿನ ಗಳ ಸೌದೆಗೆ ಹೋಯ್ತು. ಇಂಜಿನಿಯರ್ ಕೇಳಲಿಲ್ಲ, ನಾನು ಹೇಳಲಿಲ್ಲ. ಗೃಹಪ್ರವೇಶ ಕಳೆದ ವಾರ, ಒಂದು ಸಂಜೆ ಆಸೆಯಿಂದ ಅಪ್ಪಯ್ಯನ ಬಲೆ ಹಿಡಿದು ಹೊಳೆಗೆ ಹೋದೆ. ಬಂದ ಮೇಲೆ ಎಲ್ಲಿ ಒಣಗಿಸುವುದು? ಹೊಸ ಬಣ್ಣದ ಗೋಡೆ, ಹೊಸ ಟೈಲ್ಸು! ಒದ್ದೆ ಬಲೆಯನ್ನೇ ಯೂರಿಯಾ ಚೀಲಕ್ಕೆ ತುರುಕಿ, ತಾರಸಿ ಮೇಲೆ ನೀರಿನ ಟ್ಯಾಂಕಿನ ಪಕ್ಕ ಇಟ್ಟು, ಬೆಂಗಳೂರು ಬಸ್ಸು ಹತ್ತಿದೆ.

ಎರಡು ವರ್ಷ ಬಿಟ್ಟು, 2019ರಲ್ಲಿ ನೆನಪಾಯ್ತು. ಚೀಲ ಮುಟ್ಟಿದರೆ ಹಪ್ಪಳದಂತೆ ಪುಡಿ. ಒಳಗೆ ಇಲಿ ಮರಿ ಹಾಕಿ ಹೋಗಿತ್ತು. ಚೀಲ ಹರಿದು ಬಿಸಿಲು ಬಿದ್ದ ಕಡೆಯೆಲ್ಲ ದಾರ ಎಳೆದರೆ ಪಟಕ್ಕನೆ ತುಂಡಾಗುತ್ತಿತ್ತು. ಅಡಿಯಲ್ಲಿದ್ದ ಭಾಗ ಮಾತ್ರ ಗಟ್ಟಿಯಾಗೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ. ವಾಸನೆ ಕೇಳಬೇಡಿ. ಅಮ್ಮ ಮೂಗು ಮುಚ್ಚಿಕೊಂಡು "ಮೊದ್ಲ್ ಅದನ್ನ್ ಹೊರ್ಗ್ ಹಾಕ್" ಅಂದರು. ತೋಟದ ಕೆಲಸಕ್ಕೆ ಬಂದವನ ಹತ್ತಿರ ತೆಗೆದುಕೊಂಡು ಹೋಗು ಅಂದೆ. "ಎಲ್ಲಿ ಹಾಕುದು?" ಅಂತ ಅವನು ಕೇಳಿದ. ನಾನು ಮೊಬೈಲಿನಿಂದ ತಲೆ ಎತ್ತದೆ "ಎಲ್ಲಾದ್ರೂ ಒಂದು ಕಡೆ" ಅಂದೆ.

ಮುಂದಿನ ಸಲ ಊರಿಗೆ ಹೋದಾಗ ಹೊಳೆ ಬದಿಯಲ್ಲಿ ನಡೆದುಕೊಂಡು ಹೋಗುತ್ತಿದ್ದೆ. ಇಳಿತದ ಹೊತ್ತು, ಕಾಂಡ್ಲಾ ಗಿಡಗಳ ಬೇರುಗಳೆಲ್ಲ ಹೊರಗೆ ಕಾಣುತ್ತಿದ್ದವು. ಒಂದು ಕಡೆ ಬೇರುಗಳಿಗೆ ಬಲೆ ಸುತ್ತಿಕೊಂಡಿತ್ತು. ಅದರಲ್ಲಿ ಒಂದು ನೀರುಕಾಗೆ. ರೆಕ್ಕೆ ಒಂದು ಕಡೆ, ಕತ್ತು ಒಂದು ಕಡೆ, ಸತ್ತು ಎರಡು ದಿನವಾದರೂ ಆಗಿರಬೇಕು. ಯಾರ ಬಲೆಯಪ್ಪಾ ಅಂತ ಬೈದುಕೊಂಡೇ ಹತ್ತಿರ ಹೋದೆ. ಬಲೆಯ ತುಂಬಾ ನೀಲಿ ದಾರದ ತೇಪೆ.

ಇದಕ್ಕಿಂತ ಹೆಚ್ಚು ಬರೆಯಲ್ಲ. ಬಲೆ ಬಿಡಿಸಿ ತರೋಕೆ ಅರ್ಧ ದಿನ ಹಿಡಿಯಿತು, ಅಷ್ಟೇ.

ಈಗ ವಾದಕ್ಕೆ ಬರೋಣ.

ಹಿಂದೆ ಬಲೆ ಹತ್ತಿಯದ್ದು, ಸಣಬಿನದ್ದು. ಮರದ ತೊಗಟೆ ಬೇಯಿಸಿದ ಚೊಗರು ನೀರಿನಲ್ಲಿ ಆಗಾಗ ಅದ್ದಿ ತೆಗೆಯದಿದ್ದರೆ, ದಿನಾ ಒಣಗಿಸದಿದ್ದರೆ, ಕೊಳೆತೇ ಹೋಗುತ್ತಿತ್ತು. ಹಾಗಾಗಿ ಬಲೆ ಜೋಪಾನ ಅನ್ನೋದು ಹಿಂದಿನವರಿಗೆ ಶೋಕಿ ಆಗಿರಲಿಲ್ಲ, ಗತಿ ಇರಲಿಲ್ಲ. ಆಮೇಲೆ ನೈಲಾನ್ ಬಂತು. ಕೊಳೆಯಲ್ಲ, ಚೊಗರು ಬೇಡ, ಹಗುರ, ಗಟ್ಟಿ. ಇದಕ್ಕೆ ಜೋಪಾನ ಯಾಕೆ ಅಂತ ನಾವೆಲ್ಲ ಆರಾಮಾದೆವು. ತಪ್ಪಿದ್ದು ಇಲ್ಲೇ. ಲೆಕ್ಕ ತಿರುವುಮುರುವಾಗಿದ್ದನ್ನು ನಾವು ನೋಡಲೇ ಇಲ್ಲ. ಹತ್ತಿ ಬಲೆಯನ್ನು ಕಾಪಾಡದಿದ್ದರೆ ನಷ್ಟ ಬಲೆಯವನಿಗೆ. ಹೊಳೆಗೆ ಬಿದ್ದರೂ ಅದು ಕೊಳೆತು ಹೊಳೆಯಲ್ಲೇ ಸೇರಿಹೋಗುತ್ತಿತ್ತು. ನೈಲಾನ್ ಬಲೆಯನ್ನು ಕಾಪಾಡದಿದ್ದರೆ ನಷ್ಟ ಹೊಳೆಗೆ. ಅದು ಅಲ್ಲೇ ಕೂತು, ಯಾರೂ ಎತ್ತದ ಬಲೆಯಾಗಿ, ವರ್ಷಗಟ್ಟಲೆ ಮೀನು, ಏಡಿ, ಹಕ್ಕಿ, ಆಮೆ ಹಿಡಿಯುತ್ತಲೇ ಇರುತ್ತದೆ. ತಿನ್ನುವವರಿಲ್ಲದ ಬೇಟೆ. ಹೆಚ್ಚು ಜೋಪಾನ ಬೇಕಾಗಿದ್ದದ್ದು ನೈಲಾನಿಗೆ, ನಾವು ಮಾಡಿದ್ದು ಕಡಿಮೆ.

ಮತ್ತೊಂದು ವಿಷಯ. ನೈಲಾನ್ ಕೊಳೆಯಲ್ಲ ನಿಜ, ಆದರೆ ಬಿಸಿಲಿಗೆ ಸಾಯುತ್ತದೆ. ಸೂರ್ಯನ ನೇರಳಾತೀತ ಕಿರಣ ಅದರ ಎಳೆಯ ಕಸುವನ್ನೇ ಮುರಿಯುತ್ತದೆ. ತೆಳು ದಾರವಾದರೆ ಇನ್ನೂ ಬೇಗ. ಅದಕ್ಕೇ ಚೀಲದ ಬಾಯಿಯ ಕಡೆಯ ಬಲೆ ಪುಡಿಯಾಗಿ, ಅಡಿಯದ್ದು ಗಟ್ಟಿಯಾಗಿ ಉಳಿದದ್ದು. ಅಂದ್ರೆ ನಾನು ಎಸೆದ ಬಲೆ ಮನೆಯಲ್ಲಿ ಉಪಯೋಗಕ್ಕೆ ಬಾರದಷ್ಟು ಹಾಳಾಗಿತ್ತು, ಹೊಳೆಯಲ್ಲಿ ಕೊಲ್ಲೋಕೆ ಬೇಕಾದಷ್ಟು ಗಟ್ಟಿ ಇತ್ತು! ಇದಕ್ಕಿಂತ ಕೆಟ್ಟ ಲೆಕ್ಕ ಇನ್ನೊಂದಿಲ್ಲ.

2009ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಪರಿಸರ ಕಾರ್ಯಕ್ರಮ ಎರಡೂ ಸೇರಿ ಇದರ ಬಗ್ಗೆಯೇ ಒಂದು ವರದಿ ತಂದಿದ್ದವು. ಅದರಲ್ಲಿ ಇಂಥ ಬಲೆಗಳನ್ನು ಮೂರು ಬಗೆ ಮಾಡಿದ್ದಾರೆ. ಬಿಟ್ಟುಬಂದದ್ದು, ಕಳೆದುಹೋದದ್ದು, ಎಸೆದದ್ದು. ಗಾಳಿಗೆ, ಬಂಡೆಗೆ ಸಿಕ್ಕಿ ಕಳೆದುಕೊಂಡವನ ಮೇಲೆ ನನಗೆ ಸಿಟ್ಟಿಲ್ಲ, ಅದು ಕಸುಬಿನ ಕಷ್ಟ. ನನ್ನದು ಮೂರನೇ ಬಗೆ. ಮನೆಯಲ್ಲಿ ಜಾಗ ಇಲ್ಲದೆ ಕೆಟ್ಟದ್ದು, ಕೆಟ್ಟದ್ದಕ್ಕೆ ಎಸೆದದ್ದು.

ನೀವು ಕೇಳಬಹುದು, ದೊಡ್ಡ ದೊಡ್ಡ ಟ್ರಾಲ್ ಬೋಟುಗಳ ಬಲೆ ಬಿಟ್ಟು ಮನೆಯ ಒಂದು ಬೀಸುಬಲೆ ಹಿಡಿದುಕೊಂಡು ಯಾಕೆ ಕೂತಿದ್ದೀಯಾ ಅಂತ. ನ್ಯಾಯದ ಪ್ರಶ್ನೆಯೇ. ಆದರೆ ನೋಡಿ, ಮಲ್ಪೆಯಂಥ ಬಂದರಿನಲ್ಲಿ ಬಲೆ ಹೆಣೆಯೋಕೆ ಅಂತಲೇ ಶೆಡ್ಡು ಇದೆ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಬಲೆ ಬಿಡಿಸುವುದು, ಹೆಣೆಯುವುದು, ಒಪ್ಪ ಮಾಡುವುದು ಅಲ್ಲಿ ದೊಡ್ಡ ಕೆಲಸ. ಅಲ್ಲಿ ಬಲೆಗೆ ಜಾಗ ಇದೆ, ಕಾಲ ಇದೆ, ಬಲ್ಲವರಿದ್ದಾರೆ. ನಮ್ಮಂಥ ಆದಿತ್ಯವಾರದ ಬೇಟೆಗಾರರ ಸಾಮಾನಿಗೆ ಏನಿದೆ? ಬಾತ್‌ರೂಮಿನ ಮೂಲೆ, ಜನರೇಟರಿನ ಹಿಂದೆ, ಕಾರಿನ ಡಿಕ್ಕಿ. ಲೆಕ್ಕಕ್ಕೇ ಸಿಗದ ಸಾಮಾನು.

ಎರಡನೇ ಆಕ್ಷೇಪ ತಮ್ಮನದ್ದೇ. ಹಾಳಾದ್ರೆ ಹೊಸದು ತಂದರಾಯ್ತು, ರೆಡಿಮೇಡ್ ಸಿಗುತ್ತಲ್ಲ ಅಂತ. ತಮ್ಮಾ, ಅದೇ ರೋಗ. ಒಂದು ಮಳೆಗಾಲ ಪೂರ್ತಿ ಕೂತು ಹೆಣೆದವನು ಬಲೆ ಎಸೆಯಲ್ಲ. ಅಂಗಡಿಯಲ್ಲಿ ಎರಡೇ ನಿಮಿಷದಲ್ಲಿ ಕೊಂಡವನಿಗೆ ಅದು ಕಸ. ಹೆಣೆಯೋಕೆ ಬರದಿದ್ರೂ ಪರವಾಗಿಲ್ಲ, ನನಗೂ ಸರಿಯಾಗಿ ಬರಲ್ಲ. ಹೆಣೆದದ್ದಕ್ಕೆ ಕೊಡುವ ಮರ್ಯಾದೆಯನ್ನು ಕೊಂಡದ್ದಕ್ಕೂ ಕೊಡು ಅಷ್ಟೇ.

ಮೂರನೆಯವರು ಮನೆ ಒಪ್ಪ ಮಾಡುವ ವಿಡಿಯೋದವರು. ಅಮೆರಿಕದ ಗ್ಯಾರೇಜು ತೋರಿಸ್ತಾರೆ. ಗೋಡೆ ತುಂಬಾ ತೂತಿನ ಹಲಗೆ, ಬಣ್ಣಬಣ್ಣದ ಕೊಕ್ಕೆ, ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಗಳ ಸಾಲು, ಒಂದೊಂದಕ್ಕೂ ಚೀಟಿ. ನೋಡೋಕೆ ಚಂದ. ಇದನ್ನು ನೋಡಿ ನಮ್ಮ ಕರಾವಳಿಯವರೂ ಡಬ್ಬ ತಂದು ಮುಚ್ಚಳ ಒತ್ತಿ ಇಡ್ತಾರೆ. ಸ್ವಾಮೀ, ನಮ್ಮಲ್ಲಿ ಜುಲೈ ತಿಂಗಳಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತೆ! ಪೂರ್ತಿ ಒಣಗದ ಗಾಳ, ರೀಲು ಡಬ್ಬದೊಳಗೆ ಕೂತರೆ ತುಕ್ಕು ಹಿಡಿಯೋಕೆ ಬೇರೇನೂ ಬೇಕಿಲ್ಲ. ಡಬ್ಬ ಬೇಡ ಅಂತಲ್ಲ. ಒಣಗಿಸಿದ ಮೇಲೆ ಡಬ್ಬ. ಆ ವಿಡಿಯೋಗಳಲ್ಲಿ ಡಬ್ಬ ಇದೆ, ಒಣಗಿಸುವ ಗಳ ಇಲ್ಲ. ಯಾಕಂದ್ರೆ ಗಳ ಮಾರಾಟಕ್ಕಿಲ್ಲ.

ಇನ್ನು ವಾಸನೆಯ ವಿಚಾರ. ಮೀನು ತಿನ್ನದ ಮಿತ್ರರಿಗೆ ಒಂದೆರಡು ಮಾತಿದೆ ಅಂದಿದ್ದೆನಲ್ಲ. ಬೆಂಗಳೂರಲ್ಲಿ ನಾನಿದ್ದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಎರಡು ಗಾಳದ ಕೋಲು ನಿಲ್ಲಿಸಿದ್ದೆ. ತೊಳೆದು, ಒರೆಸಿ ಇಟ್ಟದ್ದು. ಆ ಕೋಲುಗಳು ಊರಿಗೆ ಹೋಗಿ ಮೀನು ನೋಡದೆ ಆರು ತಿಂಗಳಾಗಿತ್ತು. ಮಾಲೀಕರು ಬಂದು "ಮೀನು ವಾಸನೆ ಬರ್ತಿದೆ, ಅಕ್ಕಪಕ್ಕದವರು ಹೇಳ್ತಿದಾರೆ" ಅಂದರು. ಅವರ ಮೂಗಿಗೆ ಬಡಿದದ್ದು ಕೋಲಿನ ವಾಸನೆಯಲ್ಲ, ನಾವು ಮೀನು ತಿನ್ನುವವರು ಅನ್ನೋ ಸುದ್ದಿ. ಸುದ್ದಿಗೆ ವಾಸನೆ ಇರುತ್ತೆ ಅನ್ನೋದು ಅವತ್ತೇ ನನಗೆ ಗೊತ್ತಾದದ್ದು. ಇಂಥವರಿಗೆ ಹೆದರಿಯೇ ನಮ್ಮವರು ಬಲೆಯನ್ನು ಮನೆಯಿಂದ ಹೊರಗೆ, ಕಣ್ಣಿಗೆ ಬೀಳದ ಕಡೆ ದೂಡಿದ್ದು. ಈಗ ಊರಲ್ಲೂ ಹಾಗೇ ಆಗಿದೆ. ನೆಂಟರು ಬರ್ತಾರೆ ಅಂದ್ರೆ ಮೊದಲು ಅಡಗಿಸುವುದು ಬಲೆ. ಅಪ್ಪನ ಕಾಲದಲ್ಲಿ ಮನೆ ಮುಂದೆಯೇ ತೂಗುತ್ತಿದ್ದ ಸಾಮಾನು ಮಗನ ಕಾಲಕ್ಕೆ ಅವಮಾನ ಆಗಿದೆ. ಅವಮಾನ ಅನ್ನಿಸಿದ ಸಾಮಾನನ್ನು ಯಾರೂ ಜೋಪಾನ ಮಾಡಲ್ಲ.

ಹಾಗಂತ ನಮ್ಮವರನ್ನೂ ಸುಮ್ಮನೆ ಬಿಡಲ್ಲ. ನಾರುವ ಬಲೆ ನಮ್ಮದೇ ತಪ್ಪು. ತೊಳೆದು ಒಣಗಿಸಿದ ಬಲೆ ನಾರುವುದಿಲ್ಲ. ನಾರುವುದು ಅದಕ್ಕಂಟಿದ ಲೋಳೆ, ಹುರುಪೆ, ಸತ್ತ ಸಿಗಡಿ. ಇಲಿ ಬರುವುದೂ ಇದಕ್ಕೇ. ಎರಡು ಕೊಡ ನೀರಿನ ಸೋಮಾರಿತನಕ್ಕೆ ನಾವೇ ಆ ಮಾಲೀಕರ ಮಾತನ್ನು ನಿಜ ಮಾಡಿ ತೋರಿಸ್ತಿದ್ದೇವೆ.

ಸೀಸದ ಮಣಿಗಳ ಬಗ್ಗೆಯೂ ಹೇಳಬೇಕು. ಬೀಸುಬಲೆಯ ಅಂಚಿಗೆ, ಗಾಳದ ದಾರಕ್ಕೆ ನಾವು ಕಟ್ಟುವುದು ಸೀಸ. ಸೀಸ ವಿಷ, ಮಕ್ಕಳ ಮಿದುಳಿಗಂತೂ ಬಲು ಕೆಟ್ಟದ್ದು. ಹಂಸಗಳು ನುಂಗಿ ಸಾಯುತ್ತಿವೆ ಅಂತ ಬ್ರಿಟನ್ನಿನಲ್ಲಿ ಗಾಳಕ್ಕೆ ಕಟ್ಟುವ ಹೆಚ್ಚಿನ ಸೀಸದ ತೂಕಗಳ ಮಾರಾಟವನ್ನು 1987ರಲ್ಲೇ ನಿಲ್ಲಿಸಿದರು. ನಮ್ಮಲ್ಲಿ ಅದೇ ಮಣಿಗಳು ಮಕ್ಕಳ ಆಟದ ಸಾಮಾನಿನ ಡಬ್ಬದಲ್ಲಿ ಬಿದ್ದಿರುತ್ತವೆ. ಹಳೇ ಮಣಿ ಕರಗಿಸಿ ಹೊಸದು ಮಾಡ್ತೀನಿ ಅಂತ ಅಡುಗೆ ಒಲೆ ಮೇಲೆ ಕಾಯಿಸುವ ಮಹಾನುಭಾವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಮಣಿಗಳಿಗೆ ಬೇರೆ ಡಬ್ಬ, ಡಬ್ಬಕ್ಕೆ ಮುಚ್ಚಳ, ಮಕ್ಕಳ ಕೈಗೆಟುಕದ ಎತ್ತರ, ಮುಟ್ಟಿದ ಮೇಲೆ ಸೋಪು. ಇಷ್ಟು ಮಾಡೋಕೆ ಏನು ಕಷ್ಟ?

ಹಾಗಾದ್ರೆ ಏನು ಮಾಡಬೇಕು ಅಂತೀಯಾ ಅಂತ ಕೇಳಿದ್ರೆ, ನಾನು ಕೇಳುವುದು ತುಂಬಾ ಸಣ್ಣದು. ಹೊಳೆ ಬದಿ, ಕಡಲ ಬದಿ ಮನೆ ಕಟ್ಟುವವರು ಪ್ಲಾನಿನಲ್ಲಿ ಐದಡಿ ಜಾಗ ಬಲೆಗೆ ಅಂತ ಬರೆಸಿ. ಮೇಲೊಂದು ಮಾಡು, ಗಾಳಿ ಆಡಬೇಕು, ಬಿಸಿಲು ಬೀಳಬಾರದು. ಒಂದು ನಲ್ಲಿ. ಒಂದು ಗಳ. ಕೋಲುಗಳನ್ನು ಗೋಡೆಗೆ ಒರಗಿಸಿ ಬಗ್ಗಿಸುವ ಬದಲು ಅಡ್ಡಲಾಗಿ ಇಡೋಕೆ ಎರಡು ಗೂಟ. ಇಷ್ಟೇ. ಚಪ್ಪಲಿಗೆ ಕೊಟ್ಟ ಜಾಗಕ್ಕಿಂತ ಹೆಚ್ಚೇನಲ್ಲ. ಬಾಡಿಗೆ ಮನೆಯವರಿಗೆ ಬಾಲ್ಕನಿಯ ಒಂದು ಕೊಕ್ಕೆ ಸಾಕು.

ಎರಡನೆಯದು, ನಿಮ್ಮ ಬಲೆಗೆ ಒಂದು ಗುರುತು ಕಟ್ಟಿ. ಅಪ್ಪಯ್ಯನ ನೀಲಿ ದಾರದ ಹಾಗೆ. ಮೀನುಗಾರಿಕೆ ಸಾಮಾನಿಗೆಲ್ಲ ಗುರುತು ಇರಬೇಕು ಅಂತ ಅದೇ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಮಾರ್ಗಸೂಚಿ ಮಾಡಿದೆ. ಕಡ್ಡಾಯ ಏನಲ್ಲ. ಆದರೆ ಗುರುತು ಇದ್ರೆ ಏನಾಗುತ್ತೆ ಅನ್ನೋದು ನನಗೆ ಗೊತ್ತು. ಆ ನೀಲಿ ದಾರ ಇಲ್ಲದಿದ್ರೆ ನಾನು ಯಾರನ್ನೋ ಬೈದುಕೊಂಡು, ಮನೆಗೆ ಬಂದು, ಆರಾಮಾಗಿ ಕಾಫಿ ಕುಡಿಯುತ್ತಿದ್ದೆ.

ಮೂರನೆಯದು, ಕೆಟ್ಟ ಬಲೆಯನ್ನು, ಸಿಕ್ಕುಬಿದ್ದ ದಾರವನ್ನು "ಎಲ್ಲಾದರೂ ಒಂದು ಕಡೆ" ಹಾಕಬೇಡಿ. ಸೀಸ ಬಿಚ್ಚಿ ಬೇರೆ ಇಡಿ. ಬಲೆಯನ್ನು ಕತ್ತರಿಯಲ್ಲಿ ತುಂಡು ತುಂಡು ಮಾಡಿ, ಕಣ್ಣು ಕಣ್ಣಾಗಿ ಉಳಿಯದ ಹಾಗೆ ಮಾಡಿ, ಚೀಲಕ್ಕೆ ಕಟ್ಟಿ ಒಣಕಸಕ್ಕೆ ಕೊಡಿ. ಸುಡಬೇಡಿ, ಹೂಳಬೇಡಿ. ಗಟ್ಟಿ ಇರುವ ಭಾಗ ತರಕಾರಿ ಬಳ್ಳಿ ಹಬ್ಬಿಸೋಕೆ ಆಗುತ್ತೆ ಅಂತ ಹೇಳುವವರಿದ್ದಾರೆ. ಅದರಲ್ಲೂ ಹಾವು, ಹಕ್ಕಿ ಸಿಕ್ಕಿಕೊಳ್ಳುವುದನ್ನು ನೋಡಿದ್ದೇನೆ. ಹಾಗಾಗಿ ಅದೂ ಬೇಡ.

ಪೇಟೆಯಿಂದ ಕಾರಲ್ಲಿ ಬಂದು, ಹತ್ತಾರು ಸಾವಿರದ ಕಾರ್ಬನ್ ಕೋಲು ಹಿಡಿದು ಸೆಲ್ಫಿ ತೆಗೆದು, ಗಂಟುಬಿದ್ದ ದಾರವನ್ನು ಕತ್ತರಿಸಿ ದಂಡೆಯಲ್ಲೇ ಬಿಟ್ಟು ಹೋಗುವ ಹೊಸ ಹವ್ಯಾಸಿಗಳಿಗೂ ಇದೇ ಮಾತು. ನಿಮ್ಮ ಕೋಲಿಗೆ ವೆಲ್ವೆಟ್ ಚೀಲ ಇದೆ. ಆ ಮೂರು ಮೊಳ ದಾರಕ್ಕೆ ಜೇಬಲ್ಲಿ ಜಾಗ ಇಲ್ವಾ?

ಕೊನೆಗೆ ತಮ್ಮನ ಮನೆ ಏನಾಯ್ತು ಅಂತ ಕೇಳ್ತೀರಿ ಅಲ್ವಾ? ಅವನಿಗೆ ನೀರುಕಾಗೆಯ ಕಥೆ ಹೇಳಿದೆ. ಅಪ್ಪಯ್ಯನ ಬಲೆ ಅಂತ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನಿಗೆ ಬಲೆ ಬೀಸೋಕೆ ಕಲಿಸಿದ್ದೇ ಅವರು. ಆಮೇಲೆ ಪೆನ್ಸಿಲ್ ತಗೊಂಡು, ಪ್ಲಾನಿನ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಗೆರೆ ಎಳೆದ. "ಇಲ್ಲಿ ಮಾಡ್ ಒಂದೈದಡಿ ಮುಂದ್ ತಂದ್ರೆ ಸಾಕಾ ಅಣ್ಣ?" ಅಂದ. ಸಾಕು ಅಂದೆ. ಇಂಜಿನಿಯರ್ ಒಪ್ತಾರೋ ಇಲ್ವೋ ನೋಡಬೇಕು. ಒಪ್ಪದಿದ್ರೆ ನಾನೇ ಫೋನ್ ಮಾಡ್ತೀನಿ ಅಂತ ಹೇಳಿ ಬಂದಿದ್ದೇನೆ.

ಅಪ್ಪಯ್ಯನ ಬಲೆಯಲ್ಲಿ ನೀಲಿ ದಾರದ ತೇಪೆ ಇದ್ದ ಒಂದು ಗೇಣು ಮಾತ್ರ ಇಟ್ಟುಕೊಂಡಿದ್ದೇನೆ. ಉಳಿದದ್ದನ್ನು ತುಂಡು ಮಾಡಿ ಕಸಕ್ಕೆ ಕೊಟ್ಟೆ.

ನಿಮ್ಮ ಮನೆಯಲ್ಲಿ ಬಲೆ, ಗಾಳ, ಕೂಳಿ ಏನಾದ್ರೂ ಇದ್ಯಾ? ಘಟ್ಟದ ಮೇಲಿನವರೂ ಹೇಳಿ, ಹತ್ತುಮೀನಿನ ಕಾಲ ಮುಗಿದ ಮೇಲೆ ನಿಮ್ಮಲ್ಲಿ ಕೂಳಿ ಎಲ್ಲಿಡ್ತಾರೆ? ಇವತ್ತೊಂದು ಸಲ ಹೋಗಿ ನೋಡಿ ಬನ್ನಿ, ಹೇಗಿದೆ ಅಂತ. "ಎಲ್ಲೋ ಒಂದು ಕಡೆ ಇರಬೇಕು" ಅನ್ನೋ ಉತ್ತರ ಮಾತ್ರ ಬೇಡ.